ಕದವಿಲ್ಲದ ಕಣಜ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ನಮ್ಮ ಹಿರಿಯರು. ಕಟ್ಟುವ ಮನೆಯ ಉದ್ದಗಲವೆಷ್ಟೆಂದು ಅವರು ಹೇಳಲಿಲ್ಲ. ಅಂಗೈಯಗಲದ ಮನೆಯನ್ನು ಕಟ್ಟುವವರಿಗೂ ಈ ಮಾತು ಸಲ್ಲುತ್ತದೆಂಬುದನ್ನು ನಾನು ನನ್ನ ಶಾಲೆಯ ಮಕ್ಕಳಿಂದ ಕಲಿತೆನು. ಹಾಗೆ ಕಟ್ಟಿದ ಮನೆಗೆ ಬೆಲೆಕಟ್ಟುವುದು ಇನ್ನೂ ಕಷ್ಟವೆಂಬುದನ್ನು ದೊಡ್ಡವರಿಂದ ಕಲಿತೆನು. ಉಪಾಧ್ಯಾಯ ಬಂಧುಗಳ ಮುಂದೆ ಈ ದೂರನ್ನು ಇಡುವುದಕ್ಕೆ ಆ ಎರಡನೆಯ ಪಾಠವೇ ಕಾರಣ.

ಕಳೆದ ವರ್ಷ ಒಂದು ಶಾಲಾ ಪ್ರದರ್ಶನಕ್ಕೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಬೆಲ್ಜಿಯಂ ದೇಶದ ಒಂದು ಹಳೆಯ ಒಕ್ಕಲುಮನೆಯ ಪ್ರತಿಕೃತಿಯನ್ನು ಮಾಡಿ ತಂದಿದ್ದಳು. ಪ್ರಮಾಣ 1:100. ಗೋಡೆಗಳು ರಟ್ಟಿನವು, ಮಾಡಿನ ಹೆಂಚುಗಳು ಮದುವೆಯ ಕರೆಯೋಲೆಗಳನ್ನು ಕತ್ತರಿಸಿ ಸಾಲುಸಾಲಾಗಿ ಅಂಟಿಸಿದವು, ಅಂಗಳಕ್ಕೆ ಹೊಳೆಯ ಹೊಯಿಗೆ, ಬೇಲಿಗೆ ತೆಂಗಿನ ಗರಿಯ ಕಡ್ಡಿ. ಅಂಗಳದ ಸಣ್ಣ ಕೊಳವನ್ನೂ ಆಕೆ ಬಿಟ್ಟಿರಲಿಲ್ಲ. ಆದರೆ ಹೊಲದ ಕಡೆಗೆ ಮುಖಮಾಡಿದ ಕಣಜದ ದೊಡ್ಡ ಬಾಗಿಲಿಗೆ ಕದವಿರಲಿಲ್ಲ. ತೀರ್ಪುಗಾರರು ಬಂದರು, ಬಗ್ಗಿ ನೋಡಿದರು, “ಕದ ಇಡುವುದನ್ನೇ ಮರೆತೆಯಲ್ಲ ಮಗೂ” ಎಂದರು, ‘ಅಪೂರ್ಣ’ ಎಂದು ಬರೆದುಕೊಂಡರು. ಹುಡುಗಿ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಮೇಜಿಗೆ ಸಾಗಿದ್ದರು. ಆ ಮೇಜಿನ ಮೇಲೆ ಪೇಟೆಯಿಂದ ಕೊಂಡುತಂದ ಥರ್ಮೋಕೋಲಿನ ಕೋಟೆಯೊಂದು ಚಿನ್ನದ ಬಣ್ಣ ಬಳಿದುಕೊಂಡು ಕುಳಿತಿತ್ತು. ಅದು ಯಾವ ಊರಿನ ಕೋಟೆ, ಯಾರು ಕಟ್ಟಿಸಿದ್ದು, ಎಷ್ಟು ಎತ್ತರದ್ದು ಎಂದು ಯಾರೂ ಕೇಳಲಿಲ್ಲ. ಮೊದಲ ಬಹುಮಾನ ಅದಕ್ಕೆ ಸಂದಿತು.

ನನ್ನ ಜಗಳ ಆ ತೀರ್ಪುಗಾರರೊಡನೆ ಅಲ್ಲ. ಅವರ ತೀರ್ಪಿನ ಹಿಂದೆ ನಿಂತಿರುವ, ನಮ್ಮಲ್ಲಿ ಅನೇಕರ ತಲೆಯಲ್ಲಿ ಬೇರುಬಿಟ್ಟಿರುವ ಅಭಿಪ್ರಾಯದೊಡನೆ. ಪ್ರತಿಕೃತಿಯೆಂದರೆ ಚೆಂದ ಕಾಣಬೇಕಾದ ವಸ್ತು, ಸತ್ಯವನ್ನು ಹೇಳಬೇಕಾದ ವಸ್ತುವಲ್ಲ ಎಂಬುದೇ ಆ ಅಭಿಪ್ರಾಯ. ಇದು ತಪ್ಪು. ತಪ್ಪು ಮಾತ್ರವಲ್ಲ, ಮಕ್ಕಳ ಪಾಲಿಗೆ ಹಾನಿಕರ.

ಮೊದಲು ಆ ಕದದ ಕಥೆಯನ್ನು ಕೇಳಿರಿ. ಆ ಒಕ್ಕಲುಮನೆಯ ಹೆಸರು ಲಾ ಹೇ ಸೇಂಟ್. ಬ್ರಸೆಲ್ಸ್ ನಗರದಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಅದು ಇಂದಿಗೂ ನಿಂತಿದೆ. 1815ನೆಯ ಇಸವಿ ಜೂನ್ 18ರಂದು ವಾಟರ್ಲೂ ಕಾಳಗ ನಡೆದಾಗ ಮೇಜರ್ ಬೇರಿಂಗ್ ಎಂಬವನು ಸುಮಾರು 400 ಮಂದಿ ಜರ್ಮನ್ ಸೈನಿಕರೊಡನೆ ಅದನ್ನು ಕಾಯುತ್ತಿದ್ದನು. ಹಿಂದಿನ ರಾತ್ರಿ ಎಡೆಬಿಡದೆ ಮಳೆ ಸುರಿದಿತ್ತು. ಮಳೆಯಲ್ಲಿ ನೆನೆದ ಸೈನಿಕರಿಗೆ ಬೆಂಕಿ ಬೇಕಾಗಿ, ಕಣಜದ ದೊಡ್ಡ ಕದವನ್ನೇ ಒಡೆದು ಸೌದೆ ಮಾಡಿಬಿಟ್ಟರು. ಬೆಳಗಾದಾಗ ಶತ್ರುವಿನ ಕಡೆಗೆ ಬಾಯಿ ತೆರೆದ ಒಂದು ಬಾಗಿಲು, ಮುಚ್ಚುವುದಕ್ಕೆ ಕದವಿಲ್ಲ! ಆ ದಿನದ ಘೋರವಾದ ಹೋರಾಟ ಅದೇ ತೆರಪಿನಲ್ಲಿ ನಡೆಯಿತು. ಕಣಜದ ಮಾಡಿಗೆ ಬೆಂಕಿ ತಗುಲಿದಾಗ ಅಡಿಗೆಯ ದೊಡ್ಡ ಕಡಾಯಿಗಳಲ್ಲಿ ಅಂಗಳದ ಕೊಳದ ನೀರನ್ನು ತುಂಬಿ ತಂದು ನಂದಿಸಿದರು. ಮದ್ದುಗುಂಡು ಕಳುಹಿಸಿರೆಂದು ಮತ್ತೆ ಮತ್ತೆ ಬೇಡಿದರೂ ಬರಲಿಲ್ಲ. ಸಂಜೆಯ ಹೊತ್ತಿಗೆ ಮನೆ ಕೈಬಿಟ್ಟಿತು. ಆ 400ರಲ್ಲಿ ಬೇರಿಂಗನೊಡನೆ ಉಳಿದವರು 42 ಮಂದಿ.

ಈಗ ಹೇಳಿರಿ: ಆ ಕಣಜಕ್ಕೆ ಅಂದವಾದ ಕದವೊಂದನ್ನು ಮಾಡಿ ಇಟ್ಟಿದ್ದರೆ ಪ್ರತಿಕೃತಿ ಪೂರ್ಣವಾಗುತ್ತಿತ್ತೇ, ಸುಳ್ಳಾಗುತ್ತಿತ್ತೇ? ಆ ಹುಡುಗಿ ಇಟ್ಟದ್ದು ಚರಿತ್ರೆಯನ್ನು, ಬಿಟ್ಟದ್ದು ಅಲಂಕಾರವನ್ನು. ಕೊಳವನ್ನು ಮಾಡಿದ್ದಕ್ಕೂ ಕದವನ್ನು ಮಾಡದಿದ್ದುದಕ್ಕೂ ಆಕೆಯ ಬಳಿ ಕಾರಣವಿತ್ತು. ಕೊಂಡುತಂದ ಕೋಟೆಯವನಲ್ಲಿ ಇದ್ದದ್ದು ಬೆಲೆಯ ಚೀಟಿ.

ಕಾಸರಗೋಡಿನ ಮಕ್ಕಳಿಗೆ ವಾಟರ್ಲೂ ಏಕೆ ಎಂದು ಕೆಲವರು ಕೇಳಿಯಾರು. ಆ ಕಾಳಗದಲ್ಲಿ ಗೆದ್ದ ವೆಲಿಂಗ್ಟನ್ನನೇ 1799ರಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲನಾಗಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಪಟ್ಟಣ ಬಿದ್ದ ಮೇಲೆ ಅದರ ಆಡಳಿತವನ್ನು ವಹಿಸಿಕೊಂಡವನು. ನಮ್ಮ ಬೇಕಲದ ಸೀಮೆಯೂ ಸೇರಿದ್ದ ಕೆನರಾ ಪ್ರಾಂತ ಕಂಪೆನಿಯ ಕೈಗೆ ಬಂದದ್ದೂ ಆ ವರ್ಷವೇ. ಈ ನಂಟಿನ ಎಳೆಯನ್ನು ಹಿಡಿದುಕೊಂಡೇ ನಮ್ಮ ಶಾಲೆಯ ಹತ್ತು ಹನ್ನೆರಡು ಮಕ್ಕಳು ಶನಿವಾರದ ಮಧ್ಯಾಹ್ನ ಎರಡು ಮೇಜುಗಳನ್ನು ಜೋಡಿಸಿ, ಗುಡ್ಡ ಹೊಲ ಮನೆಗಳನ್ನು ಇಟ್ಟು, ಪುಟ್ಟ ಗೊಂಬೆಗಳ ಸೈನ್ಯವನ್ನು ನಿಯಮಬದ್ಧವಾಗಿ ನಡೆಸುವ ಸಮರಕ್ರೀಡೆಯನ್ನು ಆಡುತ್ತಾರೆ. ದಾಳ ಉರುಳುವುದು ಅರ್ಧ ಗಂಟೆ. ಅದಕ್ಕೆ ಮೊದಲು ಮನೆ ಕಟ್ಟುವುದು ಎರಡು ತಿಂಗಳು. ನಾನು ಆಟದ ಪರವಾಗಿ ವಾದಿಸುವುದಕ್ಕಿಂತ ಹೆಚ್ಚಾಗಿ ಆ ಎರಡು ತಿಂಗಳಿನ ಪರವಾಗಿ ವಾದಿಸುತ್ತಿದ್ದೇನೆ.

ಇದಕ್ಕೆ ಎದುರಾಗಿ ಬರುವ ಆಕ್ಷೇಪಗಳು ಮೂರು. ಒಂದೊಂದಾಗಿ ನೋಡೋಣ.

“ಇದು ಮಕ್ಕಳಾಟ” ಎನ್ನುವುದು ಮೊದಲನೆಯದು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮಂತ್ರಿ ಲೂವ್ವಾ ಎಂಬವನ ಸಲಹೆಯಂತೆ 1668ರಿಂದ ಗಡಿಯ ಕೋಟೆಪಟ್ಟಣಗಳ ಪ್ರತಿಕೃತಿಗಳನ್ನು 1:600ರ ಪ್ರಮಾಣದಲ್ಲಿ ಮಾಡಿಸತೊಡಗಿದರು. ಬೀದಿ, ಗೋಡೆ, ಗಿಡಮರಗಳೆಲ್ಲವೂ ಅಳತೆಗೆ ಸರಿಯಾಗಿದ್ದ ಅವುಗಳಲ್ಲಿ ಅನೇಕವು ಇಂದಿಗೂ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯವೊಂದರಲ್ಲಿವೆ. ಪ್ರಷ್ಯದ ರೈಸ್‌ವಿಟ್ಸ್ ಎಂಬವನು 1812ರಲ್ಲಿ ತನ್ನ ಅರಸನ ಮುಂದೆ ಸಮರಕ್ರೀಡೆಯನ್ನು ಇಟ್ಟನು. ಅವನ ಮಗನು 1824ರಲ್ಲಿ ಅದನ್ನು 1:8000ರ ಭೂಪಟದ ಮೇಲೆ ಆಡುವಂತೆ ತಿದ್ದಿ ಪ್ರಕಟಿಸಿದನು. ಸೇನಾಧಿಕಾರಿಗಳು ಅದರಿಂದ ಪಾಠ ಕಲಿತರು. ರಾಜರೂ ಸೇನಾನಿಗಳೂ ಅಳತೆಗೋಲು ಹಿಡಿದು ಮಾಡಿದ ಕೆಲಸವನ್ನು ನಮ್ಮ ಮಗುವೊಂದು ಮಾಡಿದರೆ ಮಕ್ಕಳಾಟವೆನ್ನುವುದು ಯಾವ ನ್ಯಾಯ?

“ಇದು ಯುದ್ಧವನ್ನು ಕೊಂಡಾಡುತ್ತದೆ” ಎನ್ನುವುದು ಎರಡನೆಯದು. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಎಚ್. ಜಿ. ವೆಲ್ಸ್ ಎಂಬ ಪ್ರಸಿದ್ಧ ಲೇಖಕನು ಗೊಂಬೆ ಸೈನಿಕರ ಆಟಕ್ಕೆ ನಿಯಮಗಳನ್ನು ಬರೆದು 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಈ ಆಟವನ್ನಾಡಿದವನಿಗೆ ನಿಜವಾದ ಮಹಾಯುದ್ಧ ಎಷ್ಟು ಹುಚ್ಚು ಕೆಲಸವೆಂಬುದು ತಿಳಿಯುತ್ತದೆ ಎಂಬ ಅಭಿಪ್ರಾಯದಿಂದಲೇ ಅವನು ಅದನ್ನು ಮುಗಿಸಿದನು. ಮರುವರ್ಷವೇ ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಆಟವು ಯುದ್ಧವನ್ನು ತಡೆಯುತ್ತದೆ ಎನ್ನುವ ಭ್ರಮೆ ನನಗಿಲ್ಲ. ಆದರೆ ಕೊಂಡುತಂದ ಮನೆ ಆಟಗಾರನಿಗೆ ಬರಿಯ ಮರೆ. ಗುಂಡಿನಿಂದ ಎಷ್ಟು ರಕ್ಷಣೆ ಕೊಡುತ್ತದೆಂಬ ಒಂದು ಸಂಖ್ಯೆ. ಕಟ್ಟಿದ ಮನೆ ಹಾಗಲ್ಲ. ಅಡಿಗೆಮನೆಯ ಹೊಗೆಗೂಡು ಎಲ್ಲಿ, ದನಗಳ ಹಟ್ಟಿ ಎಲ್ಲಿ, ತರಕಾರಿಯ ತೋಟ ಎಲ್ಲಿ ಎಂದು ಹುಡುಕಿ ಹುಡುಕಿ ಕಟ್ಟಿದವನಿಗೆ, ಯುದ್ಧದ ಮುಂಚಿನ ದಿನ ಇಲ್ಲಿ ಯಾರು ಬೇಯಿಸಿ ಉಂಡಿದ್ದರೆಂಬ ಪ್ರಶ್ನೆ ಹುಟ್ಟದೆ ಇರದು. ನನ್ನ ತರಗತಿಯ ಹುಡುಗನೊಬ್ಬನು ಆಟದ ನಡುವೆ ತನ್ನ ಮನೆಗೆ ಬೆಂಕಿ ಬಿದ್ದ ಗುರುತಿನ ಹತ್ತಿಯನ್ನು ಇಡಲು ಒಪ್ಪದೆ ಅತ್ತುಬಿಟ್ಟನು. ಶಾಂತಿಯ ಮೇಲೆ ನಾನು ಮಾಡಿದ ಯಾವ ಪಾಠವೂ ಆ ಕೆಲಸ ಮಾಡಿರಲಿಲ್ಲ.

“ಅಳತೆ ಗಿಳತೆ ಏತಕ್ಕೆ, ನೋಟಕ್ಕೆ ಹೊಂದಿದರೆ ಸಾಕು” ಎನ್ನುವುದು ಮೂರನೆಯದು. ಇದೇ ಎಲ್ಲಕ್ಕಿಂತ ಕೆಟ್ಟದ್ದು. ಇದನ್ನು ಹೇಳುವವರಲ್ಲಿ ಗಣಿತ ಕಲಿಸುವವರೂ ಇದ್ದಾರೆ. 28 ಮಿಲಿಮೀಟರ್ ಎತ್ತರದ ಗೊಂಬೆಗಳಿಗೆ ಆಟಗಾರರು ಸಾಮಾನ್ಯವಾಗಿ ಹಿಡಿಯುವ ಪ್ರಮಾಣ 1:56. ಎರಡು ಮೀಟರ್ ಎತ್ತರದ ಬಾಗಿಲು ಆಗ ಸುಮಾರು 36 ಮಿಲಿಮೀಟರ್ ಆಗುತ್ತದೆ. 1:72ರಲ್ಲಿ ಸುಮಾರು 28. 1:100ರಲ್ಲಿ ಸರಿಯಾಗಿ 20. ಇಷ್ಟು ಲೆಕ್ಕವನ್ನು ಮಾಡಿದ ಮಗುವಿಗೆ ಅನುಪಾತದ ಪಾಠವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಮೂರ್ತದಿಂದ ಅಮೂರ್ತಕ್ಕೆ ಹೋಗಿರೆಂದು ತರಬೇತಿಯ ಕಾಲದಲ್ಲಿ ನಮಗೆಲ್ಲ ಹೇಳಿಕೊಟ್ಟರಷ್ಟೆ? ಇದಕ್ಕಿಂತ ಮೂರ್ತವಾದದ್ದು ಬೇರೇನಿದೆ?

ಮೇಜಿನ ಮೇಲೆ ಎಲ್ಲವೂ ಒಂದೇ ಪ್ರಮಾಣದಲ್ಲಿರಲು ಸಾಧ್ಯವಿಲ್ಲವೆಂಬುದು ನಿಜ. ಇಪ್ಪತ್ತು ಮೀಟರ್ ಉದ್ದದ ಕಣಜವನ್ನು 1:56ರಲ್ಲಿ ಕಟ್ಟಿದರೆ ಸುಮಾರು 36 ಸೆಂಟಿಮೀಟರ್ ಆಗುತ್ತದೆ. ಆಟದಲ್ಲಿ ನೆಲದ ಲೆಕ್ಕ ಒಂದು ಮಿಲಿಮೀಟರಿಗೆ ಒಂದು ಮೀಟರ್ ಎಂದಾದರೆ, ಆ ಒಂದು ಕಣಜವೇ 360 ಮೀಟರ್ ನೆಲವನ್ನು ನುಂಗಿಬಿಡುತ್ತದೆ. ಅದಕ್ಕಾಗಿ ಆಟಗಾರರು ಮನೆಯ ಅಡಿಪಾಯವನ್ನು ಕುಗ್ಗಿಸುತ್ತಾರೆ, ಒಂದೆರಡು ಮನೆಗಳನ್ನಿಟ್ಟು ಇಡೀ ಹಳ್ಳಿಯೆಂದು ಒಪ್ಪಿಕೊಳ್ಳುತ್ತಾರೆ. ಇದು ಸುಳ್ಳಲ್ಲ, ಹೇಳಿ ಮಾಡುವ ಸಂಕ್ಷೇಪ. ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿ ವಾಟರ್ಲೂ ರಣಭೂಮಿಯ ಮಹಾ ಪ್ರತಿಕೃತಿಯನ್ನು ಮಾಡಲು ಹೊರಟಾಗ ಲಾ ಹೇ ಸೇಂಟಿನಲ್ಲಿಯೇ ಎಂಟು ತಿಂಗಳು ವಾಸವಾಗಿದ್ದು ನೆಲವನ್ನು ಅಳೆದನು. ನೆಲದ ಪ್ರಮಾಣವನ್ನು ಒಂದು ಮೈಲಿಗೆ ಒಂಬತ್ತು ಅಡಿ, ಎಂದರೆ ಸುಮಾರು 1:600 ಎಂದು ಹಿಡಿದನು. ಅವನ 70,000ಕ್ಕೂ ಮಿಕ್ಕ ಗೊಂಬೆಗಳ ಎತ್ತರ ಸುಮಾರು 10 ಮಿಲಿಮೀಟರ್. ನೆಲದ ಲೆಕ್ಕದಲ್ಲಿ ಒಬ್ಬೊಬ್ಬನೂ ಆರು ಮೀಟರಿನ ದೈತ್ಯ! ಒಂದು ಗೊಂಬೆ ಇಬ್ಬರು ಸೈನಿಕರಿಗೆ ಸಮವೆಂದೂ ಅವನು ಗೊತ್ತುಮಾಡಿದನು. ಲೆಕ್ಕವನ್ನು ಮುಂದಿಟ್ಟು ಕುಗ್ಗಿಸಿದರೂ ಹಿಗ್ಗಿಸಿದರೂ ದೋಷವಿಲ್ಲ.

ದೋಷ ಎಲ್ಲಿ ಹೊಕ್ಕಿತೆಂಬುದನ್ನೂ ಅದೇ ಸೈಬೋರ್ನನ ಬಾಳು ತೋರಿಸುತ್ತದೆ. ಕಾಳಗದಲ್ಲಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು, ಅವರ ಉತ್ತರಗಳನ್ನು ಕೂಡಿಸಿ, ಯಾರು ಎಲ್ಲಿ ನಿಂತಿದ್ದರೆಂದು ಅವನು ನಿರ್ಧರಿಸಿದನು. ಪ್ರಷ್ಯದ ಸೈನ್ಯದ ಪಾತ್ರ ಅಲ್ಲಿ ದೊಡ್ಡದಾಗಿ ಕಂಡುದು ವೆಲಿಂಗ್ಟನ್ನನಿಗೆ ಹಿಡಿಸಲಿಲ್ಲ. ಸರಕಾರದ ಹಣವೂ ನಿಂತಿತು. 1838ರಲ್ಲಿ ಪ್ರತಿಕೃತಿ ಲಂಡನ್ನಿನಲ್ಲಿ ಪ್ರದರ್ಶಿತವಾಯಿತು. ಜನ ಮುಗಿಬಿದ್ದು ನೋಡಿದರು. ಆದರೂ ಕೊನೆಗೆ ಅವನು ಪ್ರಷ್ಯದ ಗೊಂಬೆಗಳಲ್ಲಿ ಬಹಳಷ್ಟನ್ನು ಕಿತ್ತುಹಾಕಬೇಕಾಯಿತು. 1849ರಲ್ಲಿ ಅವನು ತೀರಿಕೊಂಡನು. ಆ ಪ್ರತಿಕೃತಿ ಈಗಲೂ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ದೊಡ್ಡವರ ಮೆಚ್ಚುಗೆಗಾಗಿ ಗೊಂಬೆಯನ್ನು ಕೀಳುವುದಕ್ಕೂ ಬಹುಮಾನದ ಆಸೆಗಾಗಿ ಕದವನ್ನು ಅಂಟಿಸುವುದಕ್ಕೂ ಏನು ವ್ಯತ್ಯಾಸ? ‘ಅಪೂರ್ಣ’ ಎಂಬ ಒಂದು ಮಾತಿನಿಂದ ನಾವು ಮಕ್ಕಳಿಗೆ ಕಲಿಸುತ್ತಿರುವುದು ಇದನ್ನೇ: ಮುಂದಿನ ಸಲ ಕದ ಇಡು; ಸತ್ಯ ಹೇಗೂ ಇರಲಿ, ನೋಡುವವರಿಗೆ ಹಿತವಾಗಿರಲಿ.

ಅಳತೆಯ ಬೆಲೆಯನ್ನು ಗಡಿನಾಡಿನ ನಮಗೆ ಪರರು ಬಂದು ಕಲಿಸಬೇಕೆ? ಹತ್ತು ಲಕ್ಷಕ್ಕೆ ಒಂದರ ಭೂಪಟದಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಕಾಗದದ ಮೇಲೆ ಗೆರೆಯೊಂದು ಕಡ್ಡಿಯ ದಪ್ಪದಷ್ಟು ಸರಿದರೆ ಎಷ್ಟು ಮನೆಗಳು, ಎಷ್ಟು ಶಾಲೆಗಳು ಆಚೆಯವಾಗುತ್ತವೆಂಬುದನ್ನು 1956ರಿಂದ ಬಲ್ಲವರು ನಾವು. ಪ್ರಮಾಣವೆಂದರೆ ನಮ್ಮ ಮಕ್ಕಳಿಗೆ ಬರಿಯ ಪರೀಕ್ಷೆಯ ಪ್ರಶ್ನೆಯಾಗಬಾರದು.

ಆದುದರಿಂದ ನನ್ನ ಸೂಚನೆ ಇಷ್ಟು. ಶಾಲಾ ಪ್ರದರ್ಶನಗಳಲ್ಲಿ ಕೊಂಡುತಂದ ಪ್ರತಿಕೃತಿಗೆ ಸ್ಥಾನವಿರಕೂಡದು. ಮಗು ಮಾಡಿದ ಪ್ರತಿಯೊಂದು ಕಟ್ಟಡದ ಬುಡದಲ್ಲಿ ಮೂರು ಸಾಲುಗಳಿರಲಿ: ಇದು ಯಾವುದು, ಯಾವ ಕಾಲದ್ದು, ಯಾವ ಪ್ರಮಾಣದ್ದು. ಬಿಟ್ಟದ್ದು ಕುಗ್ಗಿಸಿದ್ದು ಏನಾದರೂ ಇದ್ದರೆ ನಾಲ್ಕನೆಯ ಸಾಲಿನಲ್ಲಿ ಅದನ್ನು ಬರೆಯಲಿ. ತೀರ್ಪುಗಾರರು ಅಂಕ ಹಾಕುವ ಮೊದಲು ಒಂದೇ ಒಂದು ಪ್ರಶ್ನೆಯನ್ನು ಕೇಳಲಿ: “ಇದನ್ನು ಹೀಗೇಕೆ ಮಾಡಿದೆ?” ಉತ್ತರ ಮುಗಿಯುವ ತನಕ ನಿಲ್ಲಲಿ.

ದೂರದ ವಾಟರ್ಲೂ ಬೇಡವೆನ್ನುವವರಿಗೆ ಹತ್ತಿರದಲ್ಲೇ ಕೆಲಸವಿದೆ. ಇಕ್ಕೇರಿಯ ಶಿವಪ್ಪ ನಾಯಕನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದನೆನ್ನುವ ಬೇಕಲದ ಕೋಟೆ ಸುಮಾರು 40 ಎಕರೆಯಷ್ಟು ವಿಸ್ತಾರವಾಗಿದೆ. ಅಷ್ಟು ನೆಲವನ್ನು ಚೌಕವಾಗಿ ಎಣಿಸಿದರೆ ಒಂದೊಂದು ಪಕ್ಕಕ್ಕೆ ಸುಮಾರು 400 ಮೀಟರ್. 1:56ರಲ್ಲಿ ಕಟ್ಟಹೊರಟರೆ ಏಳು ಮೀಟರಿಗೂ ಮಿಕ್ಕಿ ತರಗತಿಯ ಕೋಣೆಯೇ ಸಾಲದು. ಲೂಯಿ ಅರಸನ 1:600ರಲ್ಲಿ ಕಟ್ಟಿದರೆ 67 ಸೆಂಟಿಮೀಟರ್. ಒಂದು ಮೇಜಿನ ಮೇಲೆ ಕುಳಿತೀತು. ಹಗ್ಗ, ಅಳತೆಪಟ್ಟಿ, ಒಂದು ನೋಟುಪುಸ್ತಕ, ಮುರಕಲ್ಲಿನ ಪುಡಿ, ಹಳೆಯ ರಟ್ಟು, ಅಂಟು: ಖರ್ಚು ಇಷ್ಟೇ. ಬಿದ್ದ ಗೋಡೆಯನ್ನು ಬಿದ್ದಂತೆಯೇ ಮಾಡಿರಿ. ಇಲ್ಲದ ಕದವನ್ನು ಇಡಬೇಡಿರಿ.

ಆ ಹುಡುಗಿ ಈಗ ಎಂಟನೆಯ ತರಗತಿಗೆ ಬೇರೆ ಶಾಲೆಗೆ ಹೋಗಿದ್ದಾಳೆ. ಪ್ರತಿಕೃತಿ ನಮ್ಮ ಕಪಾಟಿನ ಮೇಲೆ ಇದೆ. ಹೋಗುವ ಮುನ್ನ, “ಕದ ಮಾಡಿ ಇಡಲೇ ಮಾಸ್ತರರೇ?” ಎಂದು ಕೇಳಿದಳು. ಬೇಡವೆಂದೆನು. ಆಕೆ ಹಾಗೆ ಕೇಳುವಂತೆ ಮಾಡಿದ ತಪ್ಪು ನಮ್ಮೆಲ್ಲರದು. ಅದನ್ನು ತಿದ್ದಿಕೊಳ್ಳುವ ಭಾರವೂ ನಮ್ಮದೇ ಎಂದು ವಿನಯದಿಂದ, ಆದರೆ ದೃಢವಾಗಿ ಅರಿಕೆಮಾಡಿಕೊಂಡು ವಿರಮಿಸುತ್ತೇನೆ.