ಗೃಹೋಪಯೋಗಿ ವಿಚಾರ: ಅರ್ಧದಲ್ಲಿ ನಿಂತ ವಿಂಡೋಸ್ ಸ್ಥಾಪನೆ

ತುಮಕೂರಿನ ಸತ್ಯಮಂಗಲದಿಂದ ವಾಚಕರೊಬ್ಬರು ಬರೆದಿರುವುದೇನೆಂದರೆ: ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಏಳದೆ ಹೋಯಿತು. ಮಗನು ಪೆನ್‌ಡ್ರೈವಿನಿಂದ ಅದನ್ನು ಹೊಸದಾಗಿ ಹಾಕಲು ಹೊರಟಾಗ, ಈ ಡಿಸ್ಕು ಜಿಪಿಟಿ ಕ್ರಮದ್ದಾದುದರಿಂದ ಇಲ್ಲಿ ವಿಂಡೋಸನ್ನು ಸ್ಥಾಪಿಸಲಾಗದೆಂಬ ಸೂಚನೆ ಬಂದು ಕೆಲಸ ನಿಂತಿತು. ವಿಭಾಗಗಳನ್ನೆಲ್ಲ ಅಳಿಸಿಬಿಟ್ಟರೆ ಸರಿಹೋಗುವುದೆಂದು ನೆರೆಯವರ ಸಲಹೆ. ಆದರೆ ಡಿಸ್ಕಿನಲ್ಲಿ ಜಮೀನಿನ ಪಹಣಿಯ ನಕಲುಗಳೂ, ಗತಿಸಿದ ತಂದೆಯವರ ಭಾವಚಿತ್ರಗಳೂ, ಅವರ ಮಾತಿನ ಧ್ವನಿಮುದ್ರಣವೂ ಇವೆ. ಏನು ಮಾಡತಕ್ಕದ್ದು?

ಅಳಿಸತಕ್ಕದ್ದಲ್ಲ, ಇದೇ ನಮ್ಮ ಮೊದಲ ಮಾತು. ಪಹಣಿಯನ್ನು ನಾಡಕಚೇರಿಯಲ್ಲಿ ಮತ್ತೆ ಪಡೆಯಬಹುದು. ತಂದೆಯವರ ಧ್ವನಿಯನ್ನು ಕೊಡುವ ಕಚೇರಿ ಯಾವುದೂ ಇಲ್ಲ.

ಈ ಸೂಚನೆಯ ಅರ್ಥವನ್ನು ತಿಳಿದರೆ ಭಯವು ಅರ್ಧ ಇಳಿಯುವುದು. ಡಿಸ್ಕನ್ನು ವಿಭಾಗಿಸುವ ಪದ್ಧತಿಗಳು ಎರಡು. 1983ರಲ್ಲಿ ಬಳಕೆಗೆ ಬಂದ ಎಂಬಿಆರ್ ಎಂಬುದು ಹಳೆಯದು. ಅದಕ್ಕೆ ಮುಖ್ಯ ವಿಭಾಗಗಳು ನಾಲ್ಕೇ. ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ ವಿಂಡೋಸು 128 ವಿಭಾಗಗಳವರೆಗೆ ಒಪ್ಪುವುದು. ಯಂತ್ರವು ಎಚ್ಚರಗೊಳ್ಳುವ ಕ್ರಮಗಳೂ ಹಾಗೆಯೇ ಎರಡು: ಬಯಾಸ್ ಹಳೆಯದು, ಯುಇಎಫ್‌ಐ ಹೊಸದು. ಪೆನ್‌ಡ್ರೈವು ಹಳೆಯ ಕ್ರಮದಲ್ಲಿ ಎದ್ದು ಡಿಸ್ಕು ಹೊಸ ಪದ್ಧತಿಯದಾಗಿದ್ದರೆ, ವಿಂಡೋಸು ಅಲ್ಲಿ ನೆಲಸಲು ಒಪ್ಪದು. ಹಿತ್ತಲ ಬೀಗದ ಕೈಯನ್ನು ಮುಂಬಾಗಿಲಿಗೆ ಹಾಕಿದಂತಾಯಿತೇ ಹೊರತು, ಈ ಸೂಚನೆಯಿಂದ ಡಿಸ್ಕು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಬೀಗದ ಕೈಯನ್ನು ಬದಲಿಸುವುದು ಬಿಟ್ಟು ಬಾಗಿಲನ್ನು ಒಡೆಯುವುದೇಕೆ?

ಆದರೂ ವಿಂಡೋಸು ಮೊದಲಿಗೆ ಏಕೆ ಏಳಲಿಲ್ಲವೆಂಬುದು ತಿಳಿಯದಿರುವುದರಿಂದ, ಮೊದಲು ನಕಲು, ಆಮೇಲೆ ದುರಸ್ತಿ. ಬೇರೊಂದು ಕಂಪ್ಯೂಟರಿನಲ್ಲಿ ಉಬುಂಟುವಿನ ಪೆನ್‌ಡ್ರೈವನ್ನು ಸಿದ್ಧಪಡಿಸಿ, ಅದರಿಂದ ಲ್ಯಾಪ್‌ಟಾಪನ್ನು ಎಬ್ಬಿಸಿ, ಸ್ಥಾಪಿಸುವ ಆಯ್ಕೆಯನ್ನು ಬಿಟ್ಟು ಪರೀಕ್ಷಿಸಿ ನೋಡುವ ಆಯ್ಕೆಯನ್ನು ಹಿಡಿಯಬೇಕು. ಆಗ ಡಿಸ್ಕಿನ ಕಡತಗಳು ಕಾಣುವುವು. ಅವುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಾಲ್ಕಾರನ್ನು ತೆರೆದು ನೋಡಿ, ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಬೇಕು. ಬಿಟ್‌ಲಾಕರ್ ಎಂಬ ಬೀಗವಿದ್ದರೆ 48 ಅಂಕಿಗಳ ಕೀಲಿಸಂಖ್ಯೆಯನ್ನು ಕೇಳುವುದು. ಮೊದಲು ಬಳಸುತ್ತಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದನ್ನು ಹುಡುಕಬೇಕು. ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ, ಮುಂದುವರಿಯದೆ ಆರಿಸಿ, ಕಡತಗಳನ್ನು ಹೊರತೆಗೆಯಬಲ್ಲ ತಜ್ಞರಿಗೆ ಒಪ್ಪಿಸುವುದು ಮೇಲು.

ನಕಲಾದ ಮೇಲೆ ಸ್ಥಾಪನೆ. ಹಳೆಯ ಬ್ಯಾಟರಿಯನ್ನು ನಂಬದೆ, ವಿದ್ಯುತ್ತು ಹೋಗಲಾರದ ವೇಳೆಯನ್ನು ನೋಡಿ ಚಾರ್ಜರನ್ನು ಸೇರಿಸಿಡಿರಿ. ಯಂತ್ರವನ್ನು ಆರಿಸಿ ಮತ್ತೆ ಹಚ್ಚುವಾಗ ಎಫ್12 ಕೀಲಿಯನ್ನಾಗಲಿ, ತಯಾರಕರು ಹೇಳಿದ ಬೇರೆ ಕೀಲಿಯನ್ನಾಗಲಿ ಒತ್ತಿದರೆ ಪಟ್ಟಿಯೊಂದು ಬರುವುದು. ಅದರಲ್ಲಿ ಪೆನ್‌ಡ್ರೈವಿನ ಹೆಸರು ಎರಡು ಸಲ ಕಂಡರೆ ಯುಇಎಫ್‌ಐ ಎಂಬ ಗುರುತುಳ್ಳದ್ದನ್ನೇ ಆರಿಸಿರಿ. ಅಂಥ ಗುರುತೇ ಇಲ್ಲದಿದ್ದರೆ, ಕನಿಷ್ಠ 8 ಜಿಬಿಯ ಪೆನ್‌ಡ್ರೈವನ್ನು ಮೈಕ್ರೋಸಾಫ್ಟಿನವರ ಸ್ವಂತ ಸಾಧನದಿಂದ ಹೊಸದಾಗಿ ಸಿದ್ಧಪಡಿಸಿರಿ. ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುವುದೆಂಬುದು ನೆನಪಿರಲಿ. ಸ್ಥಾಪನೆಯ ನಡುವೆ ಯಂತ್ರವು ತಾನಾಗಿ ಆರಿ ಹತ್ತಿದಾಗ ಮೊದಲ ಪುಟವೇ ಮತ್ತೆ ಬಂದರೆ ಗಾಬರಿ ಬೇಡ. ಪೆನ್‌ಡ್ರೈವನ್ನು ತೆಗೆದು ಮತ್ತೆ ಹಚ್ಚಿರಿ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣೆಯ ಅವಧಿಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರದಲ್ಲಿ ಟಿಪಿಎಂ 2.0 ಮೊದಲಾದ ಅರ್ಹತೆಗಳಿದ್ದರೆ ವಿಂಡೋಸ್ 11ನ್ನೇ ಹಾಕಬಹುದು. ಇಲ್ಲವಾದರೆ ಉಬುಂಟುವಿನಿಂದಲೂ ಮನೆಯ ಓದುಬರಹ ಸಾಗುವುದು. ಕನ್ನಡ ಬರೆಯಲು ಕಗಪ ಕೀಲಿಮಣೆಯೂ ಅದರಲ್ಲಿ ಸಿದ್ಧವಾಗಿದೆ.

ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳುವರು. ಕಂಪ್ಯೂಟರಿನ ಕೆಲಸವನ್ನು ಮನೆಯ ಹುಡುಗರೇ ಮಾಡಲಿ. ಆದರೆ ನಕಲು ಆಯಿತೇ ಎಂದು ಮೊದಲು ಕೇಳುವುದು ಹಿರಿಯರ ಕೆಲಸ.