ಲೈಫ್‌ಟೈಮ್ ವಾರಂಟಿ: ಯಾರ ಲೈಫು?

ಅಕ್ಕಾರ, ವೈನ್ಯಾರ, ಈಗ ಓಣ್ಯಾಗ ಎಲ್ಲಾರ ಬಾಯಾಗೂ ಕರೆಂಟಿನ ಕಾರಿಂದ ಮಾತು. "ಬ್ಯಾಟರಿಗೆ ಲೈಫ್‌ಟೈಮ್ ವಾರಂಟಿ ಅದ, ಇನ್ನೇನು ಚಿಂತಿ?" ಅಂತಾರ. ನಾ ಕೇಳೂದು ಒಂದ: ಯಾರ ಲೈಫು?

ಟಾಟಾದ ಹ್ಯಾರಿಯರ್ ಇವಿಗೆ ಲೈಫ್‌ಟೈಮ್ ಅಂದ್ರ ಮೊದಲ ನೋಂದಣಿಯಿಂದ 15 ವರ್ಷ. ಅದೂ ಸ್ವಂತಕ್ಕ ತೊಗೊಂಡ ಮೊದಲನೇ ಮಾಲೀಕರಿಗೆ. 2024ರಾಗ ಬಂದ ಎಂಜಿ ವಿಂಡ್ಸರ್‌ದ್ದೂ ಮೊದಲನೇ ಮಾಲೀಕರಿಗಷ್ಟ. ಅಂದ್ರ ಇದು ಕಾರಿನ ಆಯುಷ್ಯ ಅಲ್ಲ, ಆರ್‌ಸಿ ಮ್ಯಾಲಿನ ಹೆಸರಿನ ಆಯುಷ್ಯ!

ನಮ್ಮ ಮನಿಗಳಾಗ ಕಾರು ಒಬ್ಬರ ಹೆಸರಿನ್ಯಾಗ ಎಷ್ಟ ವರ್ಷ ಇರ್ತದ? ಅಣ್ಣಂದು ತಮ್ಮಗ, ಮಾವಂದು ಅಳಿಯಗ, ಇಲ್ಲಾಂದ್ರ ಮಾರಾಟಕ್ಕ. ಹಳೇ ಕಾರು ತೊಗೊಳ್ಳಾಂವ ಮೊದಲ ಕೇಳೂದ ಬ್ಯಾಟರಿ ಬಗ್ಗೆ. ಆವಾಗ ನಿಮ್ಮ 'ಲೈಫ್‌ಟೈಮ್' ಅವನ ಕೈಗೆ ಪೂರ್ತಿ ದಾಟೂದಿಲ್ಲ, ರೇಟು ಇಳೀತದ.

ಮತ್ತ ಈ ಮಾತು ದೊಡ್ಡ ಬ್ಯಾಟರಿಗಷ್ಟ. ಟೈರು, ಬ್ರೇಕ್ ಪ್ಯಾಡು, ವೈಪರ್ ಸವದ್ರ ರೊಕ್ಕ ನಮ್ದ. ಸರ್ವಿಸೂ ಕಂಪನಿಯವ್ರು ಹೇಳಿದ ಹೊತ್ತಿಗೆ ಮಾಡಸಬೇಕು, ರಸೀದಿ ಜ್ವಾಕಿಯಿಂದ ಇಡಬೇಕು.

ವಾರಂಟಿನ ಸುಳ್ಳು ಅಂತ ನಾ ಅನ್ನೂದಿಲ್ಲ. ಕಾರಿನ್ಯಾಗ ಭಾಳ ತುಟ್ಟಿ ಸಾಮಾನಂದ್ರ ಬ್ಯಾಟರಿನ. ಒಂದ ಹೆಸರಿನ್ಯಾಗ ಹದಿನೈದು ವರ್ಷ ಓಡಸಾವ್ರಿಗೆ ಅದು ಖರೇನ ಆಸರ. ಐದು ವರ್ಷಕ್ಕ ಕಾರು ಬದಲಸಾವ್ರು ಮಾತ್ರ ಆ ಶಬ್ದಕ್ಕಂತ ಒಂದು ರೂಪಾಯಿನೂ ಹೆಚ್ಚಿಗಿ ಕೊಡಬ್ಯಾಡ್ರಿ.

ಸೀರಿ ತೊಗೊಳ್ಳೂ ಮುಂದ ಮಡಿಕಿ ಬಿಚ್ಚಿ ನೋಡಾವ್ರು ನಾವು. ಗಂಡಸರು ಬಣ್ಣ ನೋಡಲಿ ಬಿಡ್ರಿ. ನೀವು ವಾರಂಟಿ ಪುಸ್ತಕ ಇಸಕೊಂಡು 'ಮಾಲೀಕರು ಬದಲಾದ್ರ ಏನು?' ಅಂತ ಬಟ್ಟಿಟ್ಟು ಕೇಳ್ರಿ. ಉತ್ತರ ಬಂದ ಮ್ಯಾಲೆ ಅಡ್ವಾನ್ಸ್ ಕೊಡ್ರಿ.