ಸೋರಿದ್ದು ಚೇಂಬರ್, ಬಿಲ್ಲು ಮಾತ್ರ ಇಡೀ ಗೇರ್‌ಬಾಕ್ಸಿಗೆ!

ನಮ್ಮ ಸೋದರಮಾವನಿಗೆ ಎಡಗಾಲಲ್ಲಿ ಶಕ್ತಿಯಿಲ್ಲ. ಮಗುವಾಗಿದ್ದಾಗ ಬಂದ ಪೋಲಿಯೋ. ತಿಪಟೂರು ಕಡೆ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಮೂವತ್ತು ವರ್ಷ ಬೇರೆಯವರ ಬೈಕಿನ ಹಿಂದೆ, ಬೇರೆಯವರ ಕಾರಿನ ಪಕ್ಕ ಕೂತು ಓಡಾಡಿದ ಮನುಷ್ಯ. ಕ್ಲಚ್ ತುಳಿಯಲು ಆಗದವನಿಗೆ ಕಾರು ಎಲ್ಲಿಂದ ಬರಬೇಕು? ಆಟೋಮ್ಯಾಟಿಕ್ ಕಾರಿಗೆ ಕ್ಲಚ್ ಇರುವುದಿಲ್ಲ, ಬಲಗಾಲೊಂದೇ ಸಾಕು ಅಂತ ಗೊತ್ತಾದ ಮೇಲೆ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಂದ. ತೋಟದ ಮೇಲಿನ ಸಾಲ, ಅತ್ತೆಯ ಎರಡು ಬಳೆ, ಎಲ್ಲಾ ಸೇರಿ 4,20,000 ರೂಪಾಯಿ. ಮೊದಲ ದಿನ ತಾನೇ ಓಡಿಸಿಕೊಂಡು ನಮ್ಮ ಮನೆ ಮುಂದೆ ಬಂದು ಹಾರ್ನ್ ಹೊಡೆದದ್ದು ನನಗೆ ಇವತ್ತೂ ನೆನಪಿದೆ.

ಒಂದು ಬೆಳಿಗ್ಗೆ ಅಂಗಳದಲ್ಲಿ ಕೆಂಪು ಕಲೆ. "ಯಾರೋ ಇಲ್ಲಿ ಓಕುಳಿ ಚೆಲ್ಲಿದ್ದು?" ಅಂತ ಅತ್ತೆ ಮಕ್ಕಳನ್ನು ಬೈದಳು. ಅದು ಓಕುಳಿಯಲ್ಲ, ಗೇರ್‌ಬಾಕ್ಸ್ ಆಯಿಲ್. ಹಿಂದಿನ ಸಂಜೆ ಸ್ಕೂಲ್ ಗೇಟಿನ ಹತ್ತಿರದ ಹಂಪ್ಸ್ ಮೇಲೆ ಕಾರಿನ ಹೊಟ್ಟೆ ಉಜ್ಜಿತ್ತು.

ಮಾವ ಗಾಡಿಯನ್ನು ಜಿಲ್ಲಾ ಕೇಂದ್ರದ ಕಂಪನಿ ಸರ್ವೀಸ್ ಸೆಂಟರಿಗೆ ಸಾಗಿಸಿದ. ಜೊತೆಗೆ ನಾನೂ ಹೋಗಿದ್ದೆ. ಕಾರನ್ನು ಮೇಲೆತ್ತಿ ಟಾರ್ಚ್ ಬಿಟ್ಟು ಹತ್ತು ನಿಮಿಷ ನೋಡಿದರು. ಆಮೇಲೆ ಎಸಿ ರೂಮಿಗೆ ಕರೆದು ಒಂದು ಹಾಳೆ ಕೊಟ್ಟರು. "ಗೇರ್‌ಬಾಕ್ಸ್ ಅಸೆಂಬ್ಲಿ ಬದಲಾವಣೆ: 2,35,000 ರೂಪಾಯಿ. ಲೇಬರ್ ಪ್ರತ್ಯೇಕ."

ಮಾವ ಏನೂ ಮಾತಾಡಲಿಲ್ಲ. ಊರುಗೋಲು ತಗೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಈ ಬರಹ ಆ ಹಾಳೆಯ ವಿರುದ್ಧ. ಅದು ಬರೀ ನನ್ನ ಮಾವನ ಕೈಗೆ ಬಂದದ್ದಲ್ಲ, ನಾಳೆ ನಿಮ್ಮ ಕೈಗೂ ಬರಬಹುದು.

ಚೇಂಬರ್ ಅಂದರೆ ಏನು?

ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಚೇಂಬರ್ ಅನ್ನುವುದು ಎಂಜಿನ್ ಅಡಿಯ ಆಯಿಲ್ ತಟ್ಟೆಯನ್ನು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಅಡಿಯಲ್ಲೂ ಸಾಮಾನ್ಯವಾಗಿ ಅಂಥದ್ದೇ ಒಂದು ತಟ್ಟೆ ಇರುತ್ತದೆ. ತಗಡಿನ ಪರಾತ ಅಂದುಕೊಳ್ಳಿ, ಕೆಲವು ಗಾಡಿಗಳಲ್ಲಿ ಪ್ಲಾಸ್ಟಿಕ್ಕಿನದು. ಅದರಲ್ಲಿ ಆಯಿಲ್ ನಿಂತಿರುತ್ತದೆ. ಮೇಲೆ ಒಂದು ಫಿಲ್ಟರ್. ತಳದಲ್ಲಿ ಒಂದೆರಡು ಆಯಸ್ಕಾಂತ. ತಟ್ಟೆ ಮತ್ತು ಗೇರ್‌ಬಾಕ್ಸ್ ಮಧ್ಯೆ ಸೋರದ ಹಾಗೆ ಒಂದು ಗ್ಯಾಸ್ಕೆಟ್. ಸುತ್ತ ಚಿಕ್ಕ ಚಿಕ್ಕ ಬೋಲ್ಟು. ಇಷ್ಟೇ.

ಕ್ಲಚ್ ಇರುವ ಮಾಮೂಲಿ ಗಾಡಿಗಳಿಗೆ ಸಾಮಾನ್ಯವಾಗಿ ಈ ತಟ್ಟೆ ಇರುವುದಿಲ್ಲ. ಅಲ್ಯೂಮಿನಿಯಂ ಡಬ್ಬಿ, ಆಯಿಲ್ ಬಿಡಲು ಕೆಳಗೊಂದು ನಟ್ಟು, ತುಂಬಲು ಪಕ್ಕದಲ್ಲೊಂದು ನಟ್ಟು. 2014ರಿಂದ ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಂದ ಎಎಂಟಿ ಕೂಡ ಒಳಗೆ ಇದೇ ಮಾಮೂಲಿ ಗೇರ್‌ಬಾಕ್ಸು. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಒಂದು ಯಂತ್ರ ಮಾಡುತ್ತದೆ. ಹಾಗಾಗಿ "ಆಟೋಮ್ಯಾಟಿಕ್" ಅಂದ ಕೂಡಲೇ ಎಲ್ಲಾ ಒಂದೇ ಅಲ್ಲ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಗೊತ್ತಿಲ್ಲದವನಿಗೆ ಬಿಲ್ಲು ಹಾಕುವುದು ಬಲು ಸುಲಭ.

ಯಾರ ಲೈಫ್‌ಟೈಮು, ಸ್ವಾಮಿ?

ಸರ್ವೀಸ್ ಸೆಂಟರಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: "ಈ ಆಯಿಲ್ ಎಷ್ಟು ವರ್ಷಕ್ಕೆ ಬದಲಾಯಿಸಬೇಕು?" ಉತ್ತರ: "ಬೇಕಾಗಿಲ್ಲ ಸರ್, ಲೈಫ್‌ಟೈಮ್ ಆಯಿಲ್. ಸೀಲ್ಡ್ ಗೇರ್‌ಬಾಕ್ಸ್."

ಯಾರ ಲೈಫ್‌ಟೈಮು? ಆಯಿಲಿನದಾ, ಗಾಡಿಯದಾ, ವಾರಂಟಿಯದಾ? ಇದನ್ನು ಯಾರೂ ಹೇಳುವುದಿಲ್ಲ.

ಜರ್ಮನಿಯ ಜೆಡ್‌ಎಫ್ ಅನ್ನುವ ಕಂಪನಿ ದೊಡ್ಡ ದೊಡ್ಡ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುತ್ತದೆ. ಆ ಗೇರ್‌ಬಾಕ್ಸ್ ಕೂತ ಕಾರುಗಳನ್ನು ಮಾರುವವರಲ್ಲೇ ಲೈಫ್‌ಟೈಮ್ ಅನ್ನುವವರಿದ್ದಾರೆ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಹೆತ್ತ ತಾಯಿಯ ಮಾತು ನಂಬಬೇಕಾ, ಮದುವೆ ದಲ್ಲಾಳಿಯ ಮಾತಾ? ನೀವೇ ಹೇಳಿ.

ಆಯಿಲ್ ಕೆಡುವುದು ಬಿಸಿಯಿಂದ. ನಿಂತು ನಿಂತು ಹೋಗುವ ಪೇಟೆ, ಲೋಡು, ಘಾಟಿ, ಬೇಸಿಗೆ, ನಮ್ಮ ಓಡಾಟ ಎಲ್ಲಾ ಬಿಸಿಯದೇ. ಜೊತೆಗೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದ ಪುಡಿ ಆಯಿಲ್ ಸೇರುತ್ತದೆ. ಆಯಸ್ಕಾಂತ ಹಿಡಿಯುವುದು ಕಬ್ಬಿಣವನ್ನು ಮಾತ್ರ. ಉಳಿದದ್ದನ್ನು ಫಿಲ್ಟರ್ ಹಿಡಿಯಬೇಕು, ಅದು ಕಟ್ಟಿದರೆ ಪಂಪಿಗೆ ಆಯಿಲ್ ಸಾಲುವುದಿಲ್ಲ. ಹೊಲಕ್ಕೆ ನೀರು ಹರಿಸುವ ನಿಮಗೆ ಕಸ ಕಟ್ಟಿದ ಫುಟ್‌ವಾಲ್ವ್ ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ವಾರಂಟಿ ಮುಗಿಯುವ ತನಕ ಆಯಿಲ್ ಬದಲಿಸದೆ ತಳ್ಳಿದರೆ ಖರ್ಚು ಕಡಿಮೆ ಅಂತ ಕಾಣುತ್ತದೆ, ಕಾರು ಬೇಗ ಮಾರಾಟವಾಗುತ್ತದೆ. ಆಮೇಲೆ ಹೋದರೆ ಅದು ಮೊದಲ ಮಾಲೀಕನ ತಲೆನೋವಲ್ಲ. ಬೆಂಗಳೂರಿನಲ್ಲಿ ಒಂದು ಸಲವೂ ಆಯಿಲ್ ಬದಲಿಸದ ಗಾಡಿ ಮೂರನೇ ಕೈಗೆ ನಮ್ಮ ತಾಲ್ಲೂಕಿಗೆ ಬರುತ್ತದೆ. ಅವರ ಲೈಫ್‌ಟೈಮ್ ಮುಗಿಯುವುದು ನಮ್ಮ ಅಂಗಳದಲ್ಲಿ.

ಬಿಚ್ಚಿ ನೋಡದೆ ಬಿಲ್ಲು

ನನ್ನ ಸಿಟ್ಟು ದುಡ್ಡಿನ ಮೊತ್ತದ ಮೇಲಲ್ಲ. ಗೇರ್‌ಬಾಕ್ಸ್ ನಿಜವಾಗಿ ಹೋಗಿದ್ದರೆ ಖರ್ಚು ಬಂದೇ ಬರುತ್ತದೆ. ಆದರೆ ತಟ್ಟೆಯನ್ನು ಬಿಚ್ಚಿ ನೋಡಲೇ ಇಲ್ಲವಲ್ಲ! ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವೆ. ಇಲ್ಲಿ ಪಾತ್ರೆಯ ಮುಚ್ಚಳವನ್ನೂ ತೆಗೆಯದೆ ಅನ್ನ ಸೀದಿದೆ, ಒಲೆಯನ್ನೂ ಬದಲಿಸಿ ಅಂದರು.

"ತಟ್ಟೆ ಒಂದನ್ನೇ ಹಾಕಿಕೊಡಿ" ಅಂತ ಕೇಳಿದೆ. "ಒಳಗೆ ಡ್ಯಾಮೇಜ್ ಆಗಿರಬಹುದು, ನಾವು ಗ್ಯಾರಂಟಿ ಕೊಡೋದಿಲ್ಲ" ಅಂದರು. ಆಗಿರಬಹುದು. ಆಗಿದೆಯಾ ಇಲ್ಲವಾ ಅಂತ ಹೇಳುವುದೇ ಆ ತಟ್ಟೆ.

ಗಾಡಿಯನ್ನು ವಾಪಸ್ ತಂದು ತಾಲ್ಲೂಕಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಬಿಟ್ಟೆವು. ಅವರು ತಟ್ಟೆ ಇಳಿಸಿ ಮಾವನನ್ನು ಹತ್ತಿರ ಕರೆದರು. "ನೋಡಿ ಯಜಮಾನ್ರೆ, ಮ್ಯಾಗ್ನೆಟ್ ಮೇಲೆ ವಿಭೂತಿ ಕಲಸಿದಂಗೆ ಐತೆ. ಇಷ್ಟು ಇದ್ದೇ ಇರ್ತದೆ, ಸವಕಳಿ. ಚೂರು ಕಬ್ಬಿಣ, ಮೊಳೆ ಮುರಿದಂಥದ್ದು ಇದ್ದಿದ್ರೆ ಭಯ. ಇಲ್ಲ." ಆಯಿಲ್ ಕಂದಾಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ತಟ್ಟೆಯ ಅಂಚು ಮಾತ್ರ ಬಗ್ಗಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಟ್ಟೆ, ಗ್ಯಾಸ್ಕೆಟ್, ಫಿಲ್ಟರ್, ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಆಯಿಲ್ ತರಿಸಿದರು. ಎಲ್ಲಾ ಸೇರಿ 14,800 ರೂಪಾಯಿ. ಒಂದೂವರೆ ವರ್ಷವಾಯಿತು, ಗಾಡಿ ಓಡುತ್ತಿದೆ.

2,35,000 ಎಲ್ಲಿ, 14,800 ಎಲ್ಲಿ? ಮಧ್ಯದ ಅಂತರ ಒಂದು ಕುಟುಂಬದ ಎರಡು ವರ್ಷದ ಬಾಳು.

ನಮ್ಮ ತಪ್ಪೂ ಇದೆ

ಬರೀ ಅವರನ್ನು ಬೈದು ಮುಗಿಸಿದರೆ ಅದು ಅರ್ಧ ಸತ್ಯ.

ಕಾರು ಕೆಟ್ಟರೆ ನಾವು ಏನು ಮಾಡುತ್ತೇವೆ? ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುತ್ತೇವೆ. ಆಟೋಮ್ಯಾಟಿಕ್ ಗಾಡಿಗೆ ಇದೇ ಯಮ. ಎಂಜಿನ್ ನಿಂತಿದ್ದರೆ ಗೇರ್‌ಬಾಕ್ಸಿನ ಪಂಪು ತಿರುಗುವುದಿಲ್ಲ. ಚಕ್ರ ತಿರುಗುತ್ತದೆ, ಒಳಗಿನ ಗೇರು ತಿರುಗುತ್ತದೆ, ಆಯಿಲ್ ಮಾತ್ರ ಬರುವುದಿಲ್ಲ. ಹತ್ತು ಕಿ.ಮೀ. ಎಳೆದು ಗ್ಯಾರೇಜ್ ಮುಟ್ಟಿಸುವಷ್ಟರಲ್ಲಿ ಸಣ್ಣ ಕಾಯಿಲೆ ದೊಡ್ಡದಾಗಿರುತ್ತದೆ. ಎಂಜಿನ್ ಎಳೆಯುವ ಚಕ್ರಗಳು ನೆಲಕ್ಕೆ ತಾಗಬಾರದು. ಪೂರ್ತಿ ಗಾಡಿಯನ್ನೇ ಹೊತ್ತೊಯ್ಯುವ ವಾಹನ ಸಿಕ್ಕರೆ ಅದೇ ಉತ್ತಮ. ಮಾವನ ಗಾಡಿ ಉಳಿದದ್ದೂ ಇದಕ್ಕೇ. ಕಲೆ ಕಂಡ ಮೇಲೆ ಆತ ಸ್ಟಾರ್ಟ್ ಮಾಡಲಿಲ್ಲ, ಹಗ್ಗ ಕಟ್ಟಲು ಬಿಡಲಿಲ್ಲ.

ಸೋರುತ್ತಿದ್ದರೂ "ಊರು ಮುಟ್ಟಿಸೋಣ" ಅಂತ ಓಡಿಸುವುದು ಇನ್ನೊಂದು ತಪ್ಪು. ಕಲ್ಲು ಬಡಿದು ತಟ್ಟೆ ಒಡೆದರೆ ಸಮಗ್ರ ವಿಮೆ ಇದ್ದವರಿಗೆ ಕ್ಲೇಮ್ ಸಿಗಬಹುದು. ಆಯಿಲ್ ಇಲ್ಲದೆ ಓಡಿಸಿ ಗೇರ್‌ಬಾಕ್ಸ್ ಸುಟ್ಟರೆ, ಅದು ನಿಮ್ಮ ಅಜಾಗ್ರತೆ ಅಂತ ವಿಮೆಯವರು ಸಾಮಾನ್ಯವಾಗಿ ಕೈ ಎತ್ತುತ್ತಾರೆ. ಹಾಗಾಗಿ ನಿಲ್ಲಿಸಿ, ಅಲ್ಲೇ ಫೋಟೋ ತೆಗೆಯಿರಿ, ವಿಮೆಯವರಿಗೆ ಫೋನ್ ಮಾಡಿ.

ಗ್ಯಾರೇಜ್ ಅಣ್ಣಂದಿರಿಗೂ ಒಂದು ಮಾತು. ಸಿಕ್ಕ ಗೇರ್ ಆಯಿಲ್ ಸುರಿಯಬೇಡಿ. ಸಿವಿಟಿ ಗಾಡಿಗೆ ಸಿವಿಟಿ ಆಯಿಲ್ಲೇ ಬೇಕು, ಮಾಮೂಲಿ ಎಟಿಎಫ್ ಹಾಕಿದರೆ ಗಾಡಿ ಹಾಳು. ರಬ್ಬರ್ ಗ್ಯಾಸ್ಕೆಟ್ ಮೇಲೆ ಗಮ್ ಬಳಿಯಬೇಡಿ, ಉದುರಿದ ಗಮ್ ಫಿಲ್ಟರಿಗೆ ಹೋಗಿ ಕೂರುತ್ತದೆ. ಚಿಕ್ಕ ಬೋಲ್ಟುಗಳನ್ನು ಉದ್ದನೆ ಪಾನಾ ಹಾಕಿ ಮೈಮೇಲೆ ಬಿದ್ದು ತಿರುಗಿಸಿದರೆ ತಟ್ಟೆಯ ಅಂಚು ಬಗ್ಗಿ ಮತ್ತೆ ಸೋರುತ್ತದೆ. ಎದುರುಬದುರು ಬೋಲ್ಟು ಹಿಡಿದು ಸಮವಾಗಿ, ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಆ ಹಂಪ್ಸ್ ಹಾಕಿದವರು ಯಾರು?

ಕೊನೆಗೆ ಆ ಹಂಪ್ಸ್. ನಾನೇ ಟೇಪ್ ಹಿಡಿದು ಅಳೆದೆ. ಅಗಲ ಎರಡು ಅಡಿಯೂ ಇಲ್ಲ, ಎತ್ತರ ಏಳು ಇಂಚು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ ಸುಮಾರು ಹನ್ನೆರಡು ಅಡಿ ಅಗಲ, ನಾಲ್ಕು ಇಂಚು ಎತ್ತರ. ನಮ್ಮ ಸಣ್ಣ ಕಾರುಗಳ ಹೊಟ್ಟೆ ನೆಲದಿಂದ ಇರುವುದು 160-170 ಮಿಲಿಮೀಟರ್, ಆರೂವರೆ ಇಂಚು. ಐದು ಜನ ಕೂತರೆ ಅದೂ ಇಲ್ಲ. ಏಳು ಇಂಚಿನ ಹಂಪ್ಸ್ ಮೇಲೆ ಯಾವ ದೇವರು ಬಂದು ಚೇಂಬರ್ ಕಾಪಾಡಬೇಕು?

ಅದನ್ನು ಹಾಕಿದ್ದು ಇಲಾಖೆಯಲ್ಲ, ನಮ್ಮೂರವರೇ. ಸ್ಕೂಲ್ ಮಗುವಿಗೆ ಬೈಕ್ ಗುದ್ದಿದ ಸಿಟ್ಟಿಗೆ ರಾತ್ರೋರಾತ್ರಿ ಕಾಂಕ್ರೀಟ್ ಸುರಿದರು. ಅವರ ಸಿಟ್ಟು ನ್ಯಾಯವಾದದ್ದು. ಹಂಪ್ಸ್ ಬೇಕು ಅಂತ ಅದಕ್ಕೂ ಮುಂಚೆ ಎರಡು ಸಲ ಅರ್ಜಿ ಕೊಟ್ಟಿದ್ದರು, ಯಾರೂ ತಿರುಗಿ ನೋಡಿರಲಿಲ್ಲ. ಸರಿಯಾದ ಅಳತೆಯ ಹಂಪ್ಸ್, ಬಿಳಿ ಪಟ್ಟೆ, ಮುನ್ಸೂಚನೆ ಬೋರ್ಡು ಇದ್ದರೆ ಮಗುವೂ ಉಳಿಯುತ್ತದೆ, ಚೇಂಬರೂ ಉಳಿಯುತ್ತದೆ. ಈ ಸಲದ ಗ್ರಾಮಸಭೆಯಲ್ಲಿ ಅದನ್ನೇ ಕೇಳೋಣ, ಅಳತೆ ಸಮೇತ.

ಇಷ್ಟು ಕೇಳಿ, ಕೇಳದೆ ದುಡ್ಡು ಕೊಡಬೇಡಿ

ಒಂದು, ತಟ್ಟೆ ಬಿಚ್ಚಿ ಆಯಸ್ಕಾಂತ ತೋರಿಸಿ ಅನ್ನಿ. ಬೂದು ಬಣ್ಣದ ಲೇಹ ಇದ್ದರೆ ಸವಕಳಿ. ಲೋಹದ ಚೂರು ಇದ್ದರೆ ಒಳಗೆ ನಿಜವಾಗಿ ಹೊಡೆತ ಬಿದ್ದಿದೆ, ಆಗ ದೊಡ್ಡ ರಿಪೇರಿಯ ಮಾತು ಒಪ್ಪಿಕೊಳ್ಳಬೇಕು.

ಎರಡು, ಆಯಿಲ್ ನೋಡಿ, ಮೂಸಿ. ಹೊಸದು ಬಹುತೇಕ ಕೆಂಪು, ತಿಳಿಯಾಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕೆಟ್ಟಿದೆ. ಗುಲಾಬಿ ಬಣ್ಣದ ಮಜ್ಜಿಗೆ ಹಾಗಿದ್ದರೆ ನೀರು ಸೇರಿದೆ, ಗಾಡಿ ಸ್ಟಾರ್ಟ್ ಮಾಡಬೇಡಿ.

ಮೂರು, ಆಯಿಲ್ ಬದಲಿಸಿದರೆ ಫಿಲ್ಟರ್, ಗ್ಯಾಸ್ಕೆಟ್, ನಟ್ಟಿನ ವಾಷರ್ ಬದಲಾಯಿತಾ ಕೇಳಿ. ಕೆಲವು ಗಾಡಿಗಳಲ್ಲಿ ಫಿಲ್ಟರ್ ತಟ್ಟೆಯೊಳಗೇ ಸೇರಿರುತ್ತದೆ, ಆಗ ತಟ್ಟೆಯನ್ನೇ ಬದಲಿಸಬೇಕು. ತಟ್ಟೆ ಇಳಿಸಿದರೂ ಎಲ್ಲಾ ಆಯಿಲ್ ಬರುವುದಿಲ್ಲ, ಅರ್ಧದಷ್ಟು ಒಳಗೇ ಉಳಿಯುತ್ತದೆ. ಮಟ್ಟ ನೋಡುವುದು ಸಮತಟ್ಟಾದ ಜಾಗದಲ್ಲಿ, ಗಾಡಿಯ ಪುಸ್ತಕ ಹೇಳುವ ಬಿಸಿಯಲ್ಲಿ. ಬಹುತೇಕ ಗಾಡಿಗಳಲ್ಲಿ ಎಂಜಿನ್ ಓಡುತ್ತಿರಬೇಕು.

ನಾಲ್ಕು, ತೆಗೆದ ಹಳೇ ಸಾಮಾನು ವಾಪಸ್ ಕೇಳಿ. ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಹೆಸರು, ಆಯಿಲ್ ಎಷ್ಟು ಲೀಟರ್, ಯಾವುದು ಅಂತ ಬರೆಸಿ.

ಐದು, ಮೋಸ ಅನ್ನಿಸಿದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬಹುದು. ನೀವು ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೇ ಬಿಲ್ಲು, ಎಸ್ಟಿಮೇಟ್ ಹಾಳೆ ಬಿಸಾಡಬೇಡಿ.

"ಆಟೋಮ್ಯಾಟಿಕ್ ಕಾರು ಶ್ರೀಮಂತರ ಶೋಕಿ, ಹಳ್ಳಿಯವರಿಗೆ ಯಾಕೆ?" ಅಂತ ಕೇಳುವವರು ನಮ್ಮಲ್ಲೇ ಇದ್ದಾರೆ. ಮಂಡಿ ನೋವಿನ ಮೇಷ್ಟ್ರು, ಹೊಸದಾಗಿ ಡ್ರೈವಿಂಗ್ ಕಲಿತ ಆಶಾ ಕಾರ್ಯಕರ್ತೆ, ನನ್ನ ಮಾವನಂಥವರು, ಇವರಿಗೆಲ್ಲ ಅದು ಶೋಕಿಯಲ್ಲ. ಮಾವನ ಮಾತಲ್ಲೇ ಹೇಳಬೇಕೆಂದರೆ, "ಅಳಿಯಾ, ಅದು ಕಾರಲ್ಲ ಕಣೋ, ನನ್ನ ಎಡಗಾಲು."

ಆ ಎಸ್ಟಿಮೇಟ್ ಹಾಳೆ ಇನ್ನೂ ನನ್ನ ಬ್ಯಾಗಿನಲ್ಲಿದೆ. ಯಾರಾದರೂ "ಲೈಫ್‌ಟೈಮ್" ಅಂದಾಗಲೆಲ್ಲ ತೆಗೆದು ತೋರಿಸುತ್ತೇನೆ. ಮಾವನ ಮನೆಯಲ್ಲಿ ಆ ಬಗ್ಗಿದ ತಟ್ಟೆಯೂ ಇದೆ. ಅತ್ತೆ ಅದರಲ್ಲಿ ಕೋಳಿಗೆ ನುಚ್ಚು ಹಾಕುತ್ತಾಳೆ.